ಅಮ್ಮನ ಕಡೆಗೆ ಹೋಗುವ ಗೆರೆಗಳು

ಮಾರ್ಚ್ 4

ಪ್ರೀತಿಯ ಅತ್ತಿಗೆ,

ಈ ಕವರು ನಿಮ್ಮ ಕನ್ನಡಕದ ಅಂಗಡಿಗೆ ಬಂದದ್ದು ನೋಡಿ, ಯಾವುದೋ ಕಂಪನಿಯವರು ಹೊಸ ಫ್ರೇಮಿನ ಜಾಹೀರಾತು ಕಳಿಸಿದ್ದಾರೆ ಅಂದುಕೊಂಡು ಕಸದ ಬುಟ್ಟಿಗೆ ಹಾಕಬೇಡಿ. ಬರೆದವಳು ನಿಮ್ಮ ನಾದಿನಿ. ಮನೆಗೆ ಕಳಿಸಲಿಲ್ಲ, ಏಕೆಂದರೆ ಕೊರಿಯರ್‌ನವನ ಕೈಯಿಂದ ಕವರು ತೆಗೆದುಕೊಳ್ಳುವವಳು ಅಮ್ಮ. ಫೋನಿನಲ್ಲಿ ಬರೆಯಲಿಲ್ಲ, ಏಕೆಂದರೆ ನಮ್ಮ ಮನೆಯಲ್ಲಿ ಯಾರ ಫೋನು ಯಾವ ಹೊತ್ತಿಗೆ ಯಾರ ಕೈಯಲ್ಲಿರುತ್ತದೆ ಎಂದು ದೇವರಿಗೂ ಗೊತ್ತಿಲ್ಲ. ಕಾಗದದ ಒಳ್ಳೆಯ ಗುಣವೆಂದರೆ ಅದನ್ನು ಬೆರಳು ತಾಗಿಸಿ ಇನ್ನೊಬ್ಬರಿಗೆ ದಾಟಿಸಲು ಬರುವುದಿಲ್ಲ.

ದೊಡ್ಡಮ್ಮ ಹೋದಳೆಂದು ನೀವು ಮೊನ್ನೆ ಹೇಳಿದಾಗ ನಾನು ಏನು ಉತ್ತರ ಕೊಟ್ಟೆನೋ ನನಗೇ ನೆನಪಿಲ್ಲ. ಫೋನ್ ಇಟ್ಟ ಮೇಲೆ ಲ್ಯಾಬಿನ ಹೊರಗಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹೊರಡಬೇಕೆಂದು ಚೀಲಕ್ಕೆ ಬಟ್ಟೆಯನ್ನೂ ತುಂಬಿದೆ. ಆಮೇಲೆ ನೀವು ಹೇಳಿದ್ದು ನೆನಪಾಯಿತು. ನಾನು ದಿಢೀರನೆ ಬಂದು ಬಾಗಿಲಲ್ಲಿ ನಿಂತರೆ ಅಮ್ಮ ಎರಡೇ ಪ್ರಶ್ನೆಯಲ್ಲಿ ಎಲ್ಲವನ್ನೂ ಹೊರಗೆಳೆಯುತ್ತಾಳೆ. ಇಪ್ಪತ್ತೇಳನೇ ತಾರೀಖು ಅವಳ ಹೃದಯದ ಆಪರೇಷನ್. ಅಲ್ಲಿಯವರೆಗೆ ಯಾವ ಆಘಾತವೂ ಆಗಕೂಡದು, ಆದಲ್ಲಿ ಆ ಹೃದಯ ತಡೆಯುವುದಿಲ್ಲ ಎಂದು ಡಾಕ್ಟರು ನಿಮ್ಮೆದುರೇ ಹೇಳಿದ್ದಾರೆ. ಅಮ್ಮನಿಗೆ ಇದ್ದವಳು ಒಬ್ಬಳೇ ಅಕ್ಕ. ಅಜ್ಜಿ ಕೆಲಸಕ್ಕೆ ಹೋದಾಗ ಅಮ್ಮನ ತಲೆ ಬಾಚಿ ಶಾಲೆಗೆ ಕಳಿಸಿದವಳು.

ನೀವು ಅಳುತ್ತಲೇ ಕೇಳಿದಿರಿ, ‘ಸುದ್ದಿ ಹ್ಯಾಗೆ ಹರಡುತ್ತೆ ಅಂತ ತಾನೆ ನೀನು ಅಲ್ಲಿ ಕೂತು ಓದ್ತಿರೋದು? ಇದೊಂದು ಸುದ್ದಿ ಅತ್ತೆ ಹತ್ರ ಬರದ ಹಾಗೆ ಮಾಡಿಕೊಡು ನೋಡೋಣ’ ಎಂದು. ದುಃಖಕ್ಕೆ ಅಂದಿರೋ, ಸಿಟ್ಟಿಗೆ ಅಂದಿರೋ, ನಾನು ಅದನ್ನು ಕೆಲಸವೆಂದೇ ತೆಗೆದುಕೊಂಡಿದ್ದೇನೆ.

ನನ್ನ ಕೆಲಸ ಇಷ್ಟೇ. ಒಬ್ಬೊಬ್ಬ ಮನುಷ್ಯನಿಗೆ ಒಂದು ಸುತ್ತು ಬರೆಯುತ್ತೇನೆ. ಯಾರಿಂದ ಯಾರಿಗೆ ಸಂದೇಶ ಹೋಗುತ್ತದೋ ಅವರ ನಡುವೆ ಗೆರೆ. ಬಂದದ್ದನ್ನು ಆತ ಓದುತ್ತಾನೋ, ನಂಬುತ್ತಾನೋ, ಯಾರಿಗೆ ದಾಟಿಸುತ್ತಾನೋ, ಅದೆಲ್ಲ ಅವನ ನಿಯಮಗಳು. ಹೀಗೆ ಕಟ್ಟಿದ ಮಾದರಿಯನ್ನು ಪ್ರೋಗ್ರಾಮಿಗೆ ಕೊಟ್ಟು ಕೇಳುತ್ತೇನೆ: ಏನೇ ನಡೆದರೂ, ಯಾವ ಕ್ರಮದಲ್ಲಿ ನಡೆದರೂ, ಈ ಸುದ್ದಿ ಇಂಥವರಿಗೆ ತಲುಪಲು ಸಾಧ್ಯವೇ? ಅದು ಊಹೆ ಮಾಡುವುದಿಲ್ಲ. ಇರುವ ದಾರಿಗಳನ್ನೆಲ್ಲ ತಡಕಾಡುತ್ತದೆ. ಒಂದೇ ಒಂದು ಸಿಕ್ಕರೂ ಹೆಜ್ಜೆ ಹೆಜ್ಜೆಯಾಗಿ ತೋರಿಸಿಕೊಡುತ್ತದೆ. ಸಿಗದಿದ್ದರೆ ‘ಇಲ್ಲ’ ಅನ್ನುತ್ತದೆ. ಆ ‘ಇಲ್ಲ’ ಲೆಕ್ಕದಲ್ಲಿ ಸಾಬೀತಾದ ‘ಇಲ್ಲ’.

ಆದ್ದರಿಂದ ಅಮ್ಮನ ಸುತ್ತ ಇರುವವರ ಅಭ್ಯಾಸಗಳನ್ನೆಲ್ಲ ಬರೆದು ಕಳಿಸಿ. ಯಾರ ಹೊಟ್ಟೆಯಲ್ಲಿ ಮಾತು ನಿಲ್ಲುತ್ತದೆ, ಯಾರದರಲ್ಲಿ ನಿಲ್ಲುವುದಿಲ್ಲ ಎಂಬುದು ನಿಮ್ಮಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ನಿಮ್ಮ
ಚೂಟಿ


ಮಾರ್ಚ್ 8

ಚೂಟಿ,

ನಿನ್ನ ಕಾಗದ ಬಂದಾಗ ಒಬ್ಬರ ಕಣ್ಣು ಪರೀಕ್ಷೆ ನಡೆದಿತ್ತು. ಅವರಿಗೆ ಕೊನೆಯ ಸಾಲು ಕಾಣುತ್ತಿರಲಿಲ್ಲ, ಕಾಗದ ಬಿಚ್ಚಿದ ಮೇಲೆ ನನಗೂ ಕಾಣಲಿಲ್ಲ. ಹತ್ತು ನಿಮಿಷ ಬಿಟ್ಟು ಬನ್ನಿ ಅಂದೆ.

ಮೊದಲು ನಾನು ಹೇಳಿರುವ ಸುಳ್ಳು ಕೇಳು. ದೊಡ್ಡಮ್ಮನಿಗೆ ಕಿವಿ ಮಂದ, ಎಂದೂ ಫೋನಿನಲ್ಲಿ ಮಾತಾಡಿದವರಲ್ಲ, ಮೆಸೇಜು ಬರೆದು ಕಳಿಸುವುದೇ. ಅದಕ್ಕೇ ಅತ್ತೆಗೆ ಹೇಳಿದೆ, ‘ದೊಡ್ಡಮ್ಮಂಗೆ ಕಣ್ಣಿನ ಪೊರೆ ತೆಗೆದಿದ್ದಾರೆ, ಒಂದು ತಿಂಗಳು ಫೋನ್ ಮುಟ್ಟೋ ಹಾಗಿಲ್ಲ.’ ಕಣ್ಣಿನ ವಿಷಯ ನಾನು ಹೇಳಿದ ಮೇಲೆ ಯಾರು ತಾನೆ ಅನುಮಾನಪಟ್ಟಾರು? ಅತ್ತೆ, ‘ಪಾಪ, ಸುಮ್ನೆ ಕೂತು ಅಭ್ಯಾಸ ಇಲ್ಲ ಅವಳಿಗೆ’ ಅಂದರು. ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತುಬಿಟ್ಟೆ.

ಇನ್ನು ನಿನ್ನ ಸುತ್ತುಗಳ ವಿಚಾರ. ಮಹಡಿಯ ಮೇಲಿನ ಟೈಪಿಸ್ಟ್ ಆಂಟಿ. ರಿಟೈರಾದರೂ ಬೆರಳು ರಿಟೈರಾಗಿಲ್ಲ. ಬಂದದ್ದನ್ನು ಓದುವುದೇ ಇಲ್ಲ, ಇದ್ದಬದ್ದವರಿಗೆಲ್ಲ ಒತ್ತಿಬಿಡುತ್ತಾರೆ. ಹೋದ ತಿಂಗಳು ನನಗೇ ನನ್ನ ಅಂಗಡಿಯ ಜಾಹೀರಾತು ಕಳಿಸಿದ್ದರು. ಪಕ್ಕದ ಅಂಗಡಿಯ ದರ್ಜಿ ಯಾರಿಗೂ ಏನೂ ಕಳಿಸುವವನಲ್ಲ, ಆದರೆ ಎಲ್ಲವನ್ನೂ ಸ್ಟೇಟಸ್ಸಿಗೆ ಹಾಕುತ್ತಾನೆ. ಗುರುತಿಲ್ಲದವರು ಸತ್ತರೂ ಮೇಣದಬತ್ತಿಯ ಚಿತ್ರ ಹಾಕಿ ಕಣ್ಣೀರಿಡುವ ಪುಣ್ಯಾತ್ಮ. ಅತ್ತೆಯ ಬೆಳಗಿನ ವಾಕಿಂಗ್ ಗೆಳತಿಯರು ನಾಲ್ವರು. ಅವರಲ್ಲಿ ಒಬ್ಬರಿಗೆ ಹೇಳಿದರೆ ನಾಲ್ವರಿಗೂ ಹೇಳಿದ ಹಾಗೆ, ಯಾರಿಗೂ ಹೇಳಬೇಡಿ ಅಂದರೆ ಎಂಟು ಮಂದಿಗೆ ಹೇಳಿದ ಹಾಗೆ. ಕುಟುಂಬದ ದೊಡ್ಡ ಗುಂಪಿನಲ್ಲಿ ಅತ್ತೆಯೂ ಇದ್ದಾರಲ್ಲ, ಅದಕ್ಕೆ ಬೇರೆ ಯಾರೂ ಬರೆಯಲಾಗದಂತೆ ನಿನ್ನ ಅಣ್ಣ ಮೊದಲ ದಿನವೇ ಬೀಗ ಹಾಕಿದರು.

ನಿನ್ನ ಅಣ್ಣನ ಬಗ್ಗೆ ಏನು ಬರೆಯಲಿ? ಬಸ್ಸು ಓಡಿಸುವಾಗ ನೂರು ಜನರ ಜೀವ ಕೈಯಲ್ಲಿ ಹಿಡಿದು ಕಣ್ಣು ಮಿಟುಕಿಸದವರು, ತಾಯಿಯ ಮುಂದೆ ಕೂತರೆ ತಟ್ಟೆ ಬಿಟ್ಟು ತಲೆ ಎತ್ತುವುದಿಲ್ಲ. ಲಾಂಗ್ ರೂಟ್ ಡ್ಯೂಟಿ ಅಂತ ಹೇಳಿ ಹೋಗಿ ದೊಡ್ಡಮ್ಮನ ಊರಲ್ಲಿ ಎಲ್ಲ ಮುಗಿಸಿಕೊಂಡು ಬಂದರು. ಬಂದಾಗಿನಿಂದ ಅವರ ಬಾಯಲ್ಲಿ ‘ಹೂಂ’, ‘ಉಹೂಂ’ ಎರಡೇ.

ನಿನ್ನೆ ನೀನು ಫೋನ್ ಮಾಡಿ ಬೇಗ ಇಟ್ಟೆಯಂತೆ. ‘ಅವಳಿಗೆ ಹುಷಾರಿಲ್ವಾ? ದನಿ ಒಂಥರಾ ಇತ್ತು’ ಅಂದರು ಅತ್ತೆ. ನೆಗಡಿ ಇರಬೇಕು ಅಂದೆ. ಇನ್ನು ಮೇಲೆ ನಿನಗೆ ನೆಗಡಿ, ನೆನಪಿಟ್ಟುಕೋ.

ನಿನ್ನ ಅತ್ತಿಗೆ


ಮಾರ್ಚ್ 11

ಪ್ರೀತಿಯ ಅತ್ತಿಗೆ,

ಟೈಪಿಸ್ಟ್ ಆಂಟಿಯ ಬೆರಳಿನ ವಿಷಯ ಓದಿ ನಕ್ಕುಬಿಟ್ಟೆ. ದೊಡ್ಡಮ್ಮ ಹೋದ ಮೇಲೆ ಮೊದಲ ಸಲ ನಕ್ಕದ್ದು. ಹಿಂದೆಯೇ ನನ್ನ ಮೇಲೆ ನನಗೇ ಸಿಟ್ಟು ಬಂತು.

ಮಾದರಿ ಸಿದ್ಧವಾಗಿದೆ. ಅಮ್ಮನನ್ನು ನಡುವೆ ಇಟ್ಟು, ನೀವು ಹೇಳಿದವರನ್ನೂ ನನಗೆ ಗೊತ್ತಿರುವವರನ್ನೂ ಸುತ್ತ ಇಟ್ಟು, ಪ್ರಶ್ನೆ ಹಾಕಿದೆ. ಟೀ ತಂದುಕೊಳ್ಳುವಷ್ಟರಲ್ಲಿ ಪ್ರೋಗ್ರಾಮು ಒಂದು ದಾರಿ ಹುಡುಕಿಟ್ಟಿತ್ತು. ಅಣ್ಣ ಡಿಪೋದಲ್ಲಿ ರಜೆ ಕೇಳುವಾಗ ಕಾರಣ ಹೇಳುತ್ತಾನೆ. ಡಿಪೋದ ಗುಮಾಸ್ತ ಅದನ್ನು ಮನೆಯಲ್ಲಿ ಹೇಳುತ್ತಾನೆ. ಅವನ ಹೆಂಡತಿ ಟೈಪಿಸ್ಟ್ ಆಂಟಿಗೆ ಒಂದು ಸಾಲು ಬರೆಯುತ್ತಾಳೆ. ಆಂಟಿ ಓದದೆ ಎಲ್ಲರಿಗೂ ಒತ್ತುತ್ತಾರೆ, ಆ ಎಲ್ಲರಲ್ಲಿ ಅಮ್ಮನೂ ಇದ್ದಾಳೆ. ಅಂದರೆ ಯಾರೂ ಬೇಕೆಂದು ಹೇಳದೆಯೇ ಅಮ್ಮನಿಗೆ ಗೊತ್ತಾಗಿಬಿಡುತ್ತದೆ.

ದರ್ಜಿ ನನ್ನನ್ನು ತುಂಬಾ ಸತಾಯಿಸಿದ. ಸ್ಟೇಟಸ್ ಹಾಕುವವನು ಯಾರಿಗೂ ಕಳಿಸುವುದಿಲ್ಲ, ಆದರೂ ನೋಡಿದವರಿಗೆಲ್ಲ ಸುದ್ದಿ ಮುಟ್ಟುತ್ತದೆ. ನನ್ನ ಮಾದರಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಎರಡು ದಿನ ಕೂತು ಹೊಸ ನಿಯಮ ಬರೆದೆ. ನಮ್ಮ ಗೈಡ್ ಮೇಡಂ ನೋಡಿ, ‘ಇದನ್ನ ನಿನ್ನ ರಿಪೋರ್ಟಿಗೂ ಸೇರಿಸು, ಚೆನ್ನಾಗಿದೆ’ ಅಂದರು. ದೊಡ್ಡಮ್ಮನ ಸಾವು ನನ್ನ ರಿಪೋರ್ಟಿಗೆ ಒಂದು ಪುಟವಾಯಿತು ನೋಡಿ.

ನೀವು ಮಾಡಬೇಕಾದದ್ದು ಕಷ್ಟದ್ದೇನಲ್ಲ. ಅಮ್ಮನ ಫೋನಿನಲ್ಲಿ ಟೈಪಿಸ್ಟ್ ಆಂಟಿಯನ್ನೂ ದರ್ಜಿಯನ್ನೂ ತಡೆಹಿಡಿಯಿರಿ, ಅಮ್ಮನಿಗೆ ತಿಳಿಯದ ಹಾಗೆ. ಆಂಟಿಗೂ ವಾಕಿಂಗ್ ಗೆಳತಿಯರಿಗೂ ಡಾಕ್ಟರ ಹೆಸರು ಹೇಳಿ, ಆಪರೇಷನ್ ಮುಗಿಯುವವರೆಗೆ ಮನೆಗೆ ಬರುವುದು, ಫೋನ್ ಮಾಡುವುದು ಎರಡೂ ಬೇಡ ಅನ್ನಿ. ಸುದ್ದಿ ಗೊತ್ತಿರುವ ಬಂಧುಗಳಿಗೂ ಅದನ್ನೇ ಹೇಳಿ. ಅರ್ಧಕ್ಕೆ ಬಿಡಬೇಡಿ. ಒಂದು ಗೆರೆ ಉಳಿದರೂ ಎಲ್ಲ ಉಳಿದ ಹಾಗೆಯೇ.

ಇನ್ನೊಂದು ದಾರಿ ಇದೆ. ಅದನ್ನು ನಾನೇ ಮುಚ್ಚುತ್ತೇನೆ, ನೀವು ತಲೆ ಕೆಡಿಸಿಕೊಳ್ಳಬೇಡಿ.

ಚೂಟಿ


ಮಾರ್ಚ್ 15

ಚೂಟಿ,

ನೀನು ಹೇಳಿದ್ದೆಲ್ಲ ಆಯಿತು. ದರ್ಜಿ, ‘ನನ್ನಿಂದ ಏನಾದ್ರೂ ತಪ್ಪಾಯ್ತಾ ಮೇಡಂ’ ಅಂತ ಕೇಳಿದ. ವಾಕಿಂಗ್ ಗೆಳತಿಯರಲ್ಲಿ ದಪ್ಪ ಫ್ರೇಮಿನವರು ಅಂಗಡಿಗೇ ಬಂದು, ‘ದೂರದಿಂದ ಕೈ ಬೀಸಿ ಹೋಗ್ತೀನಿ, ಅಷ್ಟೂ ಬೇಡ್ವಾ’ ಅಂದರು. ಬೇಡ ಅಂದೆ. ನನ್ನ ನಾದಿನಿ ಸಾಬೀತು ಮಾಡುತ್ತಿದ್ದಾಳೆ, ನೀವು ಕೈ ಬೀಸಿದರೆ ಲೆಕ್ಕ ತಪ್ಪುತ್ತದೆ ಅಂತ ಅವರಿಗೆ ಹೇಗೆ ಹೇಳಲಿ?

ಮನೆ ಈಗ ಪರೀಕ್ಷೆಯ ಹಾಲ್ ಥರ ಇದೆ. ಅತ್ತೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಫೋನು ಮಡಿಲಲ್ಲಿಟ್ಟುಕೊಂಡು ಕೂರುತ್ತಾರೆ. ಆಗಾಗ ಎತ್ತಿ ನೋಡಿ, ಅದು ಕೆಟ್ಟಿದೆಯೋ ಏನೋ ಅಂತ ನನ್ನ ಕೈಗೆ ಕೊಡುತ್ತಾರೆ. ಸರಿಯಾಗೇ ಇದೆ ಅತ್ತೆ ಅನ್ನುತ್ತೇನೆ.

ಇದೆಲ್ಲ ಇರಲಿ. ನಿನಗೆ ಏನಾಗಿದೆ? ದಿನಾ ಸಂಜೆ ರೂಮಿಗೆ ನಡೆದು ಹೋಗುವಾಗ ಫೋನ್ ಮಾಡಿ ತಾಯಿಯ ತಲೆ ತಿನ್ನುತ್ತಿದ್ದವಳು, ನಾಲ್ಕು ದಿನದಿಂದ ಒಂದು ಕರೆ ಇಲ್ಲ. ಅವರೇ ಮಾಡಿದರೆ ತೆಗೆಯುವುದಿಲ್ಲ. ‘ಮೀಟಿಂಗ್ ಅಮ್ಮ’, ‘ಕೆಲಸ ಜಾಸ್ತಿ ಅಮ್ಮ’ ಅಂತ ಬರೆದು ಹಾಕುತ್ತೀಯ. ಅಷ್ಟೂ ಹೊತ್ತು ಮೀಟಿಂಗ್ ಮಾಡುವುದಕ್ಕೆ ನೀನೇನು ಮಂತ್ರಿಯಾ? ಎರಡು ನಿಮಿಷ ಮಾತಾಡು. ಊಟ ಆಯ್ತಾ ಅಂತ ಕೇಳು ಸಾಕು. ಅತ್ತೆ ಸರಿಯಾಗಿ ಉಣ್ಣುತ್ತಿಲ್ಲ.

ಅತ್ತಿಗೆ


ಮಾರ್ಚ್ 17

ಪ್ರೀತಿಯ ಅತ್ತಿಗೆ,

ಸಾಬೀತಾಯಿತು. ಇವತ್ತು ಮಧ್ಯಾಹ್ನ ಪ್ರೋಗ್ರಾಮು ಎಲ್ಲ ದಾರಿಗಳನ್ನೂ ನೋಡಿ ‘ಇಲ್ಲ’ ಅಂದಿತು. ನಂಬಿಕೆ ಬರದೆ ಮತ್ತೆ ಓಡಿಸಿದೆ. ಮತ್ತೂ ‘ಇಲ್ಲ’. ಚಿತ್ರವನ್ನು ಅಚ್ಚು ಹಾಕಿ ನನ್ನ ಮೇಜಿನ ಎದುರಿಗೆ ಅಂಟಿಸಿಕೊಂಡಿದ್ದೇನೆ. ಸುತ್ತ ಎಲ್ಲರ ನಡುವೆ ಗೆರೆಗಳು ಬಲೆಯ ಹಾಗೆ ಹೆಣೆದುಕೊಂಡಿವೆ, ನಡುವೆ ಬಿಳಿಯ ಜಾಗದಲ್ಲಿ ಅಮ್ಮನ ಸುತ್ತು ಒಂದೇ ಒಂದು. ಅದರ ಹತ್ತಿರ ಏನೂ ಹೋಗುವುದಿಲ್ಲ. ಇಷ್ಟು ಚೊಕ್ಕವಾದ ಕೆಲಸ ನಾನು ಇಲ್ಲಿಗೆ ಬಂದ ಮೇಲೆ ಮಾಡಿಲ್ಲ.

ಫೋನ್ ಮಾಡದ್ದಕ್ಕೆ ಬೇಜಾರಾಗಬೇಡಿ. ರಿಪೋರ್ಟು ಕೊಡುವ ದಿನ ಹತ್ತಿರ ಬಂದಿದೆ. ದಿನಕ್ಕೊಂದು ಮೆಸೇಜು ಹಾಕುತ್ತಿದ್ದೇನಲ್ಲ. ಇನ್ನು ಹತ್ತು ದಿನ ಹೇಗೋ ಕಳೆಯಲಿ.

ಚೂಟಿ


ಮಾರ್ಚ್ 19

ನಿನ್ನ ಚಿತ್ರ ಚೊಕ್ಕವಾಗಿದೆಯಂತೆ, ಸಂತೋಷ. ಇಲ್ಲಿ ನಾನೊಬ್ಬಳು ದಿನವಿಡೀ ಹಲ್ಲು ಕಚ್ಚಿಕೊಂಡು ನಗುತ್ತಿದ್ದೇನೆ.

ನಿನ್ನ ಮೆಸೇಜು ದಿನಾ ಬರುತ್ತದೆ. ಅತ್ತೆ ಅದನ್ನು ಓದುತ್ತಾರೆ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದುತ್ತಾರೆ. ಇವತ್ತು ನನ್ನನ್ನು ಕರೆದು ಕೇಳಿದರು, ‘ಇದನ್ನ ಅವಳೇ ಬರೀತಾಳಾ?’ ಮತ್ತಿನ್ಯಾರು ಬರೀತಾರೆ ಅತ್ತೆ ಅಂದೆ. ಫೋನನ್ನು ಮಡಿಲಲ್ಲಿ ಮಗುಚಿಟ್ಟರು. ನನಗೆ ಅರ್ಥವಾಗುತ್ತದೆ ಚೂಟಿ. ಮಗಳ ಮಾತಿನಲ್ಲಿ ಮಗಳು ಇಲ್ಲದಿದ್ದರೆ ಯಾವ ತಾಯಿಗೂ ಕುಟುಕಿ ಕೇಳಬೇಕು ಅನ್ನಿಸುತ್ತದೆ. ಅವರು ಕುಟುಕಿದ್ದು ನನಗಲ್ಲ, ನಿನಗೆ.

ನಿನ್ನ ಅಣ್ಣನನ್ನೂ ಕೇಳಿದರಂತೆ, ‘ಚೂಟಿ ಹತ್ರ ನೀನು ಮಾತಾಡಿದ್ಯಾ?’ ಎಂದು. ಅವರು ತಟ್ಟೆ ನೋಡಿಕೊಂಡು ‘ಹೂಂ’ ಅಂದರಂತೆ.

ನೀನು ಇಷ್ಟು ಕಲ್ಲುಮನಸ್ಸಿನವಳು ಅಂತ ನನಗೆ ಗೊತ್ತಿರಲಿಲ್ಲ. ರಿಪೋರ್ಟು ಮುಂದಿನ ವರ್ಷವೂ ಬರೆಯಬಹುದು.


ಮಾರ್ಚ್ 21

ಅತ್ತಿಗೆ,

ನಿಮ್ಮ ಕಾಗದಕ್ಕೆ ಸಹಿ ಕೂಡ ಇರಲಿಲ್ಲ. ಅದನ್ನು ಓದಿದ ಮೇಲೆ ಮುಚ್ಚಿಡಲು ನನ್ನಿಂದ ಆಗುತ್ತಿಲ್ಲ.

ರಿಪೋರ್ಟು ಹೋದ ವಾರವೇ ಕೊಟ್ಟಾಗಿದೆ. ಯಾವ ಮೀಟಿಂಗೂ ಇಲ್ಲ. ನಾನೇ ಮುಚ್ಚುತ್ತೇನೆ ಎಂದು ಬರೆದಿದ್ದೆನಲ್ಲ ಒಂದು ದಾರಿ, ಆ ದಾರಿ ನಾನೇ. ಆಂಟಿಯನ್ನು ತೆಗೆದೆ, ದರ್ಜಿಯನ್ನು ತೆಗೆದೆ, ವಾಕಿಂಗ್ ಗುಂಪನ್ನು ತೆಗೆದೆ. ಪ್ರತಿ ಸಲವೂ ಪ್ರೋಗ್ರಾಮು ಅದೇ ಎರಡು ಹೆಜ್ಜೆ ತೋರಿಸುತ್ತಿತ್ತು: ಸುದ್ದಿ ಮಗಳಿಗೆ ಗೊತ್ತು, ಮಗಳು ಅಮ್ಮನೊಂದಿಗೆ ಮಾತಾಡುತ್ತಾಳೆ. ನಾನು ಬಾಯಿಬಿಟ್ಟು ಹೇಳುವುದೇ ಬೇಕಾಗಿಲ್ಲ. ನನ್ನ ‘ಹಲೋ’ ಕೇಳಿಯೇ ನನಗೆ ಜ್ವರವೋ, ಜಗಳವೋ, ಹೊಟ್ಟೆ ಹಸಿವೋ ಎಂದು ಹೇಳುವವಳು ಅವಳು. ಏಳನೇ ತಾರೀಖು ಮಾತಾಡಿದಾಗ ‘ಏನಾಯ್ತೇ?’ ಅಂದಳು. ನಾನು ಫೋನ್ ಇಟ್ಟುಬಿಟ್ಟೆ. ಆಮೇಲೆ ಮೂರು ನಾಲ್ಕು ದಿನ ಹೇಗೋ ಒಂದೊಂದು ನಿಮಿಷ ಎಳೆದೆ. ಕೊನೆಗೆ ಮಾದರಿಯಲ್ಲಿ ನನ್ನಿಂದ ಅಮ್ಮನಿಗೆ ಹೋಗುವ ಗೆರೆಯನ್ನು ನಾನೇ ಅಳಿಸಿದೆ. ಆಗ ಮಾತ್ರ ಅದು ‘ಇಲ್ಲ’ ಅಂದದ್ದು.

ಸಂಜೆ ರೂಮಿಗೆ ಹೋಗುವ ದಾರಿ ಬದಲಾಯಿಸಿದ್ದೇನೆ. ಹಳೆಯ ದಾರಿಯಲ್ಲಿ ನಡೆದರೆ ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ. ದೊಡ್ಡಮ್ಮನಿಗಾಗಿ ಇನ್ನೂ ಸರಿಯಾಗಿ ಅತ್ತಿಲ್ಲ. ಯಾರ ಜೊತೆ ಅಳುವುದು? ಇಂಥ ಹೊತ್ತಲ್ಲಿ ನಾನು ಹುಡುಕಿಕೊಂಡು ಹೋಗುತ್ತಿದ್ದದ್ದು ಅಮ್ಮನನ್ನೇ.

ಬೈಯಿರಿ, ಪರವಾಗಿಲ್ಲ. ಕಲ್ಲುಮನಸ್ಸು ಅಂತ ಮಾತ್ರ ಅನ್ನಬೇಡಿ. ಇನ್ನು ಆರು ದಿನ.

ಚೂಟಿ


ಮಾರ್ಚ್ 24

ನನ್ನ ಚೂಟಿ,

ಮೊದಲು ಒಂದು ಮಾತು. ಅತ್ತೆ ಹುಷಾರಾಗಿದ್ದಾರೆ. ಈಗ ನಿಧಾನವಾಗಿ ಓದು.

ನಿನ್ನೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಇತ್ತು. ಡಾಕ್ಟರು ಯಾಕೋ ಮುಖ ಗಂಟಿಕ್ಕಿ, ಔಷಧಿ ಸರಿಯಾಗಿ ಕೊಡ್ತಿದ್ದೀರಾ ಅಂತ ನಿನ್ನ ಅಣ್ಣನಿಗೆ ಎರಡು ಸಲ ಕೇಳಿದರಂತೆ. ವಾಪಸ್ ಬರುವಾಗ ಅತ್ತೆಯ ಕನ್ನಡಕದ ಸ್ಕ್ರೂ ಸಡಿಲವಾಗಿದೆ ಅಂತ ನಿನ್ನ ಅಣ್ಣ ಅಂಗಡಿಗೆ ಕರೆತಂದರು. ನಾನು ಸ್ಕ್ರೂ ಬಿಗಿ ಮಾಡುತ್ತಿದ್ದೆ. ಆಗಲೇ ಕೊರಿಯರ್‌ನವನು ಬಂದು ನಿನ್ನ ಕವರನ್ನು ಗಾಜಿನ ಕಟ್ಟೆಯ ಮೇಲೆ, ಅತ್ತೆಯ ಕೈ ಪಕ್ಕದಲ್ಲೇ ಇಟ್ಟ. ನಿನ್ನ ಮಾದರಿಯಲ್ಲಿ ಅವನಿಗೊಂದು ಸುತ್ತು ಇತ್ತೋ ಇಲ್ಲವೋ ಗೊತ್ತಿಲ್ಲ.

ಅತ್ತೆ ಕನ್ನಡಕ ಕಿತ್ತುಕೊಂಡು ಹಾಕಿಕೊಂಡರು. ವಿಳಾಸದ ಮೇಲೆ ಬೆರಳಿಟ್ಟರು. ಶಿಶುವಿಹಾರದಲ್ಲಿ ಟೀಚರಾಗಿ ನಿನ್ನ ಕೈ ಹಿಡಿದು ಬರೆಸಿದವರೇ ಅವರಲ್ಲವೇ.

‘ಇದು ಯಾವತ್ತು ಬರೆದದ್ದು?’

‘ಮೊನ್ನೆ ಅತ್ತೆ.’

‘ಅವಳೇ ಬರೆದಿದ್ದಾ? ಅವಳ ಕೈಲೇ?’

‘ಅವಳೇ. ಯಾಕೆ ಹೀಗೆ ಕೇಳ್ತೀರಾ?’

ಕವರನ್ನು ಎದೆಗೆ ಒತ್ತಿಕೊಂಡು, ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂತುಬಿಟ್ಟರು. ‘ಇದ್ದಾಳೆ’ ಅಂದರು. ‘ಇದ್ದಾಳಲ್ಲ, ಅಷ್ಟು ಸಾಕು.’ ಆಮೇಲೆ ಅತ್ತರು ನೋಡು, ನಾನು ಈ ಮನೆಗೆ ಬಂದ ಮೇಲೆ ಅವರನ್ನು ಹಾಗೆ ನೋಡಿರಲಿಲ್ಲ.

ಚೂಟಿ, ಇಷ್ಟು ದಿನವೂ ಅವರು ನೀನು ಸತ್ತಿದ್ದೀಯ ಅಂದುಕೊಂಡಿದ್ದರು.

ನಾನು ಬಾಗಿಲು ಹಾಕಿ ಪಕ್ಕದಲ್ಲಿ ಕೂತೆ. ಎಲ್ಲ ಅವರೇ ಹೇಳಿದರು. ‘ಕ್ಲಾಸಲ್ಲಿ ಒಬ್ಬರೋ ಇಬ್ಬರೋ ಸುಮ್ನಾದ್ರೆ ನಿದ್ದೆ ಬಂದಿದೆ ಅಂತ. ಎಲ್ಲರೂ ಒಟ್ಟಿಗೆ ಸುಮ್ನಾದ್ರೆ ಏನೋ ಆಗಿದೆ ಅಂತ ಕಣೇ. ಮೇಲಿನವಳು ಇಳಿದು ಬರಲಿಲ್ಲ, ವಾಕಿಂಗಿನವರು ಯಾರೂ ಬರಲಿಲ್ಲ. ಅದೇ ಹೊತ್ತಿಗೆ ನನ್ನ ಮಗಳ ದನಿನೂ ನಿಂತುಹೋಯ್ತು. ಬರೀ ಮೆಸೇಜು. ಅದು ಅವಳ ಮಾತಲ್ಲ, ಯಾರೋ ಬರೆದು ಹಾಕೋ ಮಾತು. ನಿನ್ನ ಗಂಡನ್ನ ಕೇಳಿದೆ, ಅವನು ನನ್ನ ಮುಖ ನೋಡಲಿಲ್ಲ. ಆಗ ತಿಳ್ಕೊಂಡೆ.’

ನಮ್ಮನ್ನು ಯಾಕೆ ಕೇಳಲಿಲ್ಲ ಅತ್ತೆ ಅಂದೆ. ‘ಕೇಳಿದ್ರೆ ನೀವು ಹೇಳಿಬಿಡ್ತಿದ್ರಿ’ ಅಂದರು.

ಇನ್ನೊಂದನ್ನೂ ನಿನಗೆ ಹೇಳಲೇಬೇಕು. ಮೂರು ದಿನದಿಂದ ಮಾತ್ರೆ ನುಂಗಿರಲಿಲ್ಲವಂತೆ. ದಿಂಬಿನ ಕೆಳಗೆ ಇಟ್ಟಿದ್ದಾರೆ. ‘ಆ ಟೇಬಲ್ ಮೇಲಿಂದ ಎದ್ದು ಬಂದು ನಾನು ಕೇಳಬೇಕಾದ್ದು ಅದೇ ಸುದ್ದಿ ಆದ್ರೆ, ಏಳೋದು ಯಾಕೆ ಅನ್ನಿಸಿತ್ತು.’ ನಾವು ಯಾವ ಜೀವ ಉಳಿಸಲು ಇಷ್ಟೆಲ್ಲ ಮಾಡಿದೆವೋ ಆ ಜೀವ ನಮ್ಮ ಕಣ್ಣೆದುರೇ ಹೋಗಲು ಸಿದ್ಧವಾಗಿ ಕೂತಿತ್ತು.

ಸ್ವಲ್ಪ ಹೊತ್ತಾದ ಮೇಲೆ ಕವರನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡಿದರು. ಮಗಳು ಇದ್ದಾಳೆ ಅಂದ ಮೇಲೆ ಮನೆಯ ಮೌನ ಯಾರಿಗಾಗಿ ಅನ್ನುವುದು ಅವರಿಗೆ ಹೊಳೆಯಿತು.

‘ಕಣ್ಣಿನ ಪೊರೆ ಅಂದ್ಯಲ್ಲ.’

ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕಟ್ಟೆಯ ಮೇಲಿಟ್ಟೆ.

‘ಅಕ್ಕನಾ?’

ತಲೆಯಾಡಿಸಿದೆ. ಅತ್ತೆಯ ಮುಖ ಬೆಳ್ಳಗಾಯಿತು. ಡಾಕ್ಟರು ಕೊಟ್ಟಿದ್ದ ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟೆ, ನಿನ್ನ ಅಣ್ಣ ಆಸ್ಪತ್ರೆಗೆ ಫೋನ್ ಮಾಡಲು ಹೊರಗೆ ಓಡಿದರು. ಅತ್ತೆ ನನ್ನ ಕೈ ಹಿಡಿದುಕೊಂಡು ಹೇಳಿದರು, ‘ಅಕ್ಕ ಹೋಗಿದ್ದಾಳೆ ಅಂತ ಗೊತ್ತಾದ ಗಳಿಗೆಲೂ ನನ್ನೊಳಗೆ ಸಂತೋಷನೇ ಇತ್ತು ಕಣೇ, ಚೂಟಿ ಅಲ್ಲವಲ್ಲ ಅಂತ. ಅವಳು ನನ್ನ ಸಾಕಿದಳು. ನಾನು ಹೀಗೆ ಸಂತೋಷಪಟ್ಟೆ.’ ದೊಡ್ಡಮ್ಮನೂ ಹಾಗೇ ಸಂತೋಷಪಡುತ್ತಿದ್ದರು ಅತ್ತೆ ಅಂದೆ.

ಡಾಕ್ಟರು ನಮಗಿಬ್ಬರಿಗೂ ಚೆನ್ನಾಗಿ ಉಗಿದರು. ಮಾತ್ರೆ ಬಿಟ್ಟದ್ದರಿಂದ ಆಪರೇಷನ್ ಏಪ್ರಿಲ್ ಎರಡಕ್ಕೆ ಹೋಗಿದೆ. ಅಪಾಯ ಇಲ್ಲ ಅಂತ ಅವರು ಹೇಳಿಲ್ಲ. ಮನೆಗೆ ಬಂದ ಕೂಡಲೆ ಅತ್ತೆ ಕೇಳಿದ್ದು ಒಂದೇ, ‘ಎಲ್ಲರನ್ನೂ ಕರಿ. ನಾನೊಬ್ಬಳೇ ಅಳಬೇಕಾ?’ ಆಂಟಿ ಇಳಿದು ಬಂದರು. ವಾಕಿಂಗಿನ ನಾಲ್ವರೂ ಬಂದರು. ಬಾಗಿಲಲ್ಲಿ ನಿಂತಿದ್ದ ದರ್ಜಿಯನ್ನು ಅತ್ತೆಯೇ ಒಳಗೆ ಕರೆದರು. ಸಂಜೆಯವರೆಗೆ ದೊಡ್ಡಮ್ಮನ ಸುದ್ದಿಯೇ. ಅತ್ತರು, ನಡುವೆ ಒಮ್ಮೆ ನಕ್ಕರು, ಕೊನೆಗೆ ಒಂದು ತಟ್ಟೆ ಪೂರ್ತಿ ಊಟ ಮಾಡಿದರು.

ನಿನ್ನ ಕವರು ಅವರ ಹತ್ತಿರವೇ ಇತ್ತು. ಬಿಚ್ಚಲಿಲ್ಲ, ‘ನಿನಗೆ ಬರೆದಿದ್ದು’ ಅಂತ ರಾತ್ರಿ ವಾಪಸ್ ಕೊಟ್ಟರು. ಆಮೇಲೆ ಓದಿದೆ. ಕಲ್ಲುಮನಸ್ಸು ಅಂದ ಬಾಯಿಗೆ ಇನ್ನೇನು ಶಿಕ್ಷೆ ಕೊಡುತ್ತೀಯೋ ಬಂದು ಕೊಡು.

ಅತ್ತೆ ಹೇಳಿ ಕಳಿಸಿದ ಮಾತು: ‘ಬರೆಯೋದು ಸಾಕು, ಬಾ ಅನ್ನು.’

ನಿನ್ನ ಅತ್ತಿಗೆ


ಏಪ್ರಿಲ್ 3

ಪ್ರೀತಿಯ ಅತ್ತಿಗೆ,

ನೆಗಡಿ ಹಿಡಿಸಿಕೊಂಡು ಆಸ್ಪತ್ರೆಯ ಬಾಗಿಲಿಂದ ವಾಪಸ್ ಹೋದಿರಲ್ಲ, ನನಗೆ ಸುಳ್ಳು ನೆಗಡಿ ಕಟ್ಟಿದ್ದಕ್ಕೆ ನಿಮಗೆ ನಿಜವಾದದ್ದೇ ಬಂತು. ವಾರ್ಡಿನ ಒಳಗೆ ಫೋನು ಬಿಡುವುದಿಲ್ಲ. ಅಣ್ಣ ಈಗ ಮನೆಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಇದನ್ನು ಕೊಟ್ಟು ಕಳಿಸುತ್ತೇನೆ. ಅವನನ್ನು ಕೇಳಿದರೆ ನಿಮಗೆ ಸಿಗುವುದು ‘ಹೂಂ’ ಒಂದೇ.

ಅಮ್ಮ ಕಣ್ಣು ಬಿಟ್ಟಿದ್ದಾಳೆ. ಬೆಳಿಗ್ಗೆ ಡಾಕ್ಟರು ನೋಡಿ, ನಾವು ಅಂದುಕೊಂಡದ್ದಕ್ಕಿಂತ ಗಟ್ಟಿ ಹೃದಯ ಇದು ಅಂದರು. ಎರಡು ಚಮಚ ನೀರು ಕುಡಿದಳು.

ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದಾಗ ಒಂದು ವಿಷಯ ಯೋಚಿಸುತ್ತಿದ್ದೆ. ನನ್ನ ಪ್ರೋಗ್ರಾಮು ತಪ್ಪು ಹೇಳಲಿಲ್ಲ. ಸುದ್ದಿ ಅಮ್ಮನಿಗೆ ಯಾರಿಂದಲೂ ತಲುಪಲಿಲ್ಲ, ಅವಳಾಗಿಯೇ ತಿಳಿದುಕೊಂಡಳು. ಅದೂ ಇಲ್ಲದ ಸುದ್ದಿಯನ್ನು. ನಾನು ಹಾಕಿದ ಪ್ರಶ್ನೆ ‘ಅಮ್ಮನಿಗೆ ಗೊತ್ತಾಗಬಾರದು’ ಎಂದು. ‘ಅಮ್ಮ ಒಂಟಿಯಾಗಬಾರದು’ ಎಂದು ನಾನು ಬರೆದಿರಲೇ ಇಲ್ಲ, ಬರೆಯದ್ದನ್ನು ಅದು ಪರೀಕ್ಷಿಸುವುದಿಲ್ಲ. ಗೈಡ್ ಮೇಡಂಗೆ ಹೇಳಿದರೆ ಇದನ್ನೂ ಮುಂದಿನ ರಿಪೋರ್ಟಿಗೆ ಸೇರಿಸು ಅನ್ನುತ್ತಾರೆ. ಇದನ್ನು ಮಾತ್ರ ಸೇರಿಸುವುದಿಲ್ಲ.

ಈಗ ನಿಮಗೆ ನಿಜವಾಗಿ ಹೇಳಬೇಕೆಂದು ಕೂತದ್ದು. ಸ್ವಲ್ಪ ಹೊತ್ತಿನ ಮುಂಚೆ ನಾನು ಹಾಸಿಗೆಯ ಪಕ್ಕಕ್ಕೆ ಬಂದು ಕೂತೆ. ಅಮ್ಮ ಬೆರಳು ಆಡಿಸಿದಳು, ಬಗ್ಗಿ ಕಿವಿ ಕೊಟ್ಟೆ. ದನಿ ತುಂಬಾ ಸಣ್ಣಗಿತ್ತು.

‘ಅಕ್ಕ ಹೋಗುವಾಗ ಹತ್ರ ಯಾರಿದ್ರು?’

ಮನೆ ತುಂಬ ಜನ ಕೂತು ಅತ್ತ ದಿನವೂ ಅವಳು ಇದನ್ನು ಕೇಳಿರಲಿಲ್ಲ. ನಾನು ಬಂದ ಮೇಲೆ ದಿನಾ ದೊಡ್ಡಮ್ಮನ ಮಾತಾಡಿದೆವು, ಆಗಲೂ ಕೇಳಿರಲಿಲ್ಲ. ಉತ್ತರ ಏನೇ ಇದ್ದರೂ ತಡೆದುಕೊಳ್ಳುವ ಹೃದಯ ಬರಲಿ ಎಂದು ಕಾದಿದ್ದಳು ಅತ್ತಿಗೆ.

‘ಅವಳ ಮಗ ಇದ್ದ ಅಮ್ಮ. ಕೈ ಹಿಡ್ಕೊಂಡು ಕೂತಿದ್ದ. ಅಣ್ಣನಿಗೆ ಅವನೇ ಹೇಳಿದ್ದು’ ಅಂದೆ.

‘ಏನಾದ್ರೂ ಅಂದಳಂತಾ?’

‘ನಿನಗೆ ಆಪರೇಷನ್ ಯಾವತ್ತು ಅಂತ ಕೇಳಿದಳಂತೆ.’

ಅಮ್ಮ ಕಣ್ಣು ಮುಚ್ಚಿಕೊಂಡಳು. ‘ಅವಳಿಗೆ ಹೇಳಬೇಕಾಗಿತ್ತು, ಆಯ್ತು ಅಂತ’ ಅಂದಳು. ಆಮೇಲೆ ನನ್ನ ಕೈಯನ್ನು ತನ್ನ ಕೆನ್ನೆಯ ಕೆಳಗೆ ಎಳೆದುಕೊಂಡು ನಿದ್ದೆ ಹೋದಳು. ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದಿ.

ನಿಮ್ಮ
ಚೂಟಿ